ಉಸ್ತಾದನ ಮಾತು

೧೬ ಜನವರಿ, ಮಂಗಳವಾರ. ಕುಲಗೋಡ

ಬಲಗೈಗೆ ಪಟ್ಟಿ ಕಟ್ಟಿದ್ದಾರೆ. ಅಕ್ಷರ ಸೊಟ್ಟ ಬೀಳುತ್ತಿವೆ.

ಬೆಳಿಗ್ಗೆ ಕೆಳಗಿನ ಓಣಿಯ ಅಣ್ಣತಮ್ಮಂದಿರು ಕಬ್ಬಿಗೆ ನೀರು ಬಿಡುವ ಪಾಳಿಗಾಗಿ ಕುಡಗೋಲು ಹಿಡಿದು ನಿಂತಿದ್ದರು. ತಮ್ಮನ ಕಿವಿ ಆಗಲೇ ಹರಿದು ರಕ್ತ ಕೊರಳಿಗೆ ಇಳಿದಿತ್ತು. ಸುತ್ತ ನಿಂತ ಮಂದಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೇ ಹೊರತು ಒಬ್ಬನೂ ನಡುವೆ ಬರಲಿಲ್ಲ. ನಾನು ಹೋಗಿ ಅಣ್ಣನ ಕುಡಗೋಲನ್ನು ಅಲಗಿನ ಕಡೆಯಿಂದಲೇ ಹಿಡಿದೆ. ಅಂಗೈ ಸೀಳಿತು.

“ಇನ್ನ ಜಗ್ಗು, ನೋಡೂಣು” ಎಂದೆ.

ನನ್ನ ರಕ್ತ ನೋಡಿ ಅವನು ಹಿಡಿ ಬಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಅತ್ತ. ಪಾಳಿ ಯಾರದೆಂದು ಹೇಳಿದೆ. ಇಬ್ಬರೂ ಒಪ್ಪಿದರು.

ಈ ಊರಿನ ಗರಡಿಮನೆ ನಡೆಸುತ್ತ ನನ್ನ ತಲೆ ಹಣ್ಣಾಗಿದೆ. ನನ್ನ ಕೈಯಲ್ಲಿ ತಯಾರಾದ ಹುಡುಗರು ಕೊಲ್ಹಾಪುರ, ಸಾಂಗಲಿಯ ಕುಸ್ತಿ ಕಣಗಳಲ್ಲಿ ಗೆದ್ದು ಬಂದಿದ್ದಾರೆ. ಕಣದ ಹೊರಗೆ ನಾನು ಯಾರ ಮೇಲೂ ಕೈ ಎತ್ತಿದವನಲ್ಲ. ಎತ್ತುವ ಗರಜೂ ಬಿದ್ದಿಲ್ಲ. ಮಾಯಪ್ಪ ಉಸ್ತಾದ ಹೇಳಿದ ಎಂದರೆ ಇಲ್ಲಿ ಜಗಳ ಮುಗಿಯಿತು.

ಸಂಜೆ ಕಾಶಿನಾಥ ಬಂದಿದ್ದ. ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತ ಗೆಳೆಯ. ಅವನ ಮಗ ಈಶ್ವರ ನನ್ನ ಗರಡಿಯ ಮೊದಲ ನಂಬರಿನ ಪೈಲ್ವಾನ. ಮಗಳು ರಾಜೇಶ್ವರಿ ದೀಪಾವಳಿಗೆ ಮುಂಚೆ ಮನೆ ಬಿಟ್ಟು ಹೋಗಿ, ಅವರ ಕಬ್ಬು ಸಾಗಿಸುತ್ತಿದ್ದ ಟ್ರ್ಯಾಕ್ಟರಿನ ಚಾಲಕ ಓಂಕಾರನನ್ನು ರಜಿಸ್ಟರ್ ಮದುವೆಯಾದಳು. ಹುಡುಗನ ಮಂದಿ ಬೇರೆ, ಇವರ ಮಂದಿ ಬೇರೆ. ಆವತ್ತಿನಿಂದ ಕಾಶಿನಾಥ ಚಾವಡಿಯ ಕಡೆ ಮುಖ ಹಾಕಿರಲಿಲ್ಲ.

“ಮಾಯಪ್ಪಾ, ಸಿಟ್ಟು ಇಳೀತು” ಎಂದ. “ಒಬ್ಬಾಕಿ ಮಗಳು. ಅವರನ್ನ ಮನಿಗೆ ಕರಕೊಂಡ ಬಾ. ನಾಲ್ಕ ಮಂದಿ ಮುಂದ ಅಕ್ಕಿಕಾಳ ಹಾಕಿ ಕಳಸ್ತೀನಿ. ನಾ ಹೋದ್ರ ಬರೂದಿಲ್ಲ. ನೀ ಕರದ್ರ ಬರ್ತಾರ.”

ಹೇಳುವಾಗ ಅವನ ಕಣ್ಣು ತುಂಬಿತ್ತು. ನಾನು ಆಗಲಿ ಎಂದೆ.

೧೮ ಜನವರಿ, ಗುರುವಾರ

ಹೆಂಡತಿ ಯಲ್ಲವ್ವನಿಗೆ ಇದು ಸೇರಿಲ್ಲ. “ಮಂದಿ ಮನಿ ಹುಡುಗಿ, ಮಂದಿ ಮನಿ ಹುಡುಗ. ನಡುವ ನಿಮ್ಮ ಮಾತ ಯಾಕ ಇಡ್ತೀರಿ?” ಎಂದಳು. ಮಾತು ಇಡುವುದಕ್ಕೇ ಅಲ್ಲವೇ ಇರುವುದು?

ಈಶ್ವರನನ್ನು ಗರಡಿಗೆ ಕರೆಸಿದೆ. ಅವನ ಗೆಳೆಯ ಕಿಶೋರನೂ ಬಂದು ಬಾಗಿಲಲ್ಲಿ ನಿಂತಿದ್ದ. ಈಶ್ವರ ಮೊದಲಿನಂತಿಲ್ಲ, ಗಡ್ಡ ಬಿಟ್ಟಿದ್ದಾನೆ, ಕಣ್ಣು ಕೆಂಪಾಗಿವೆ. ಊರ ಹುಡುಗರು ಎದುರಿಗೇ ನಗುತ್ತಾರಂತೆ. “ಕಣದಾಗ ಮಂದೀನ ಕೆಡವ್ತಿ, ಮನಿಯೊಳಗ ತಂಗೀನ ಹಿಡೀಲಿಕ್ಕೆ ಆಗಲಿಲ್ಲ” ಎಂದು ಯಾರೋ ಅಂದರಂತೆ.

“ಮಣ್ಣ ಮುಟ್ಟಿ ಹೇಳು” ಎಂದೆ.

ಬಗ್ಗಿ ಗರಡಿಯ ಕೆಂಪು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. “ಅವಗ ನಾ ಕೈ ಹಚ್ಚೂದಿಲ್ರಿ ಉಸ್ತಾದ್ರ.”

ಅಷ್ಟು ಸಾಕು. ಈ ಮಣ್ಣು ಮುಟ್ಟಿ ಸುಳ್ಳು ಹೇಳಿದವನನ್ನು ನಾನು ಕಂಡಿಲ್ಲ.

೨೦ ಜನವರಿ, ಶನಿವಾರ

ಗೋಕಾಕದಲ್ಲಿ ಬಸ್ಸು ಬದಲಿಸಿ ಹತ್ತರಗಿಗೆ ಹೋಗಿ ಬಂದೆ. ಹೆದ್ದಾರಿಯ ಬದಿಗೆ ಓಂಕಾರ ಪಂಕ್ಚರ್ ಅಂಗಡಿ ಹಾಕಿಕೊಂಡಿದ್ದಾನೆ. ಹಿಂದೆ ತಗಡಿನ ಎರಡು ಕೋಣೆ, ಅದರಲ್ಲಿ ಅವನು, ತಾಯಿ ಲಕ್ಷ್ಮವ್ವ, ರಾಜೇಶ್ವರಿ. ಹುಡುಗಿ ಹುಕ್ಕೇರಿಯ ಒಂದು ದವಾಖಾನೆಯಲ್ಲಿ ನರ್ಸು. ಲಾರಿಗಳು ಹೋದಾಗಲೆಲ್ಲ ತಗಡು ಗದಗುಟ್ಟುತ್ತದೆ. ಆದರೆ ಬಾಗಿಲ ಮುಂದೆ ಸಾರಿಸಿ ರಂಗೋಲಿ ಹಾಕಿದ್ದಳು.

ನನ್ನನ್ನು ನೋಡಿದೊಡನೆ ಅವಳಿಗೆ ತಿಳಿಯಿತು.

“ಕಾಕಾ, ಚಹಾ ಕುಡೀರಿ. ಆ ಮಾತ ಮಾತ್ರ ತಗೀಬ್ಯಾಡ್ರಿ.”

ತೆಗೆದೆ. ಅವಳು ಚಹಾ ತಂದಿಟ್ಟಳು. ಆಮೇಲೆ, “ಅಣ್ಣ ಫೋನಿನ್ಯಾಗ ಏನಂದಾನ ಗೊತ್ತೈತೇನ್ರಿ? ನಿನ್ನ ಗಂಡನ ಕಾಲ ಮುರದು ಕಾಲುವಿಗೆ ಒಗೀತೀನಿ ಅಂದಾನ” ಎಂದಳು.

“ಅದು ಸಿಟ್ಟಿನ್ಯಾಗಿನ ಮಾತವ್ವಾ. ಈಗ ಮಣ್ಣ ಮುಟ್ಯಾನ.”

“ನೀವು ಅವನ್ನ ಗರಡಿಯೊಳಗ ನೋಡೀರಿ. ನಾ ಮನಿಯೊಳಗ ನೋಡೇನಿ.”

ಅಷ್ಟರಲ್ಲಿ ಓಂಕಾರ ಕೈಯ ಮಸಿ ತೊಳೆದುಕೊಂಡು ಬಂದ. ಸಣ್ಣ ಮೈ, ಮಾತಾಡುವ ಮೊದಲು ನಗುವ ಮುಖ. ಅವನ ತಂದೆ ಬದುಕಿದ್ದಾಗ ನನ್ನ ಕುಸ್ತಿ ನೋಡಲು ಅವನನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದನಂತೆ. “ರಾಜೀ, ಉಸ್ತಾದ್ರು ಇಲ್ಲೀತನಾ ಬಂದಾರ. ಇವ್ರ ಮಾತ ಮ್ಯಾಲ ನಂಬಿಕಿ ಇಡಲಿಲ್ಲ ಅಂದ್ರ ಇನ್ಯಾರನ್ನ ನಂಬೂಣು? ಎಷ್ಟ ದಿನಾ ಹಿಂಗ ಬಾಗಲಾ ಹಾಕ್ಕೊಂಡ ಇರೂದು?” ಎಂದ.

ರಾಜೇಶ್ವರಿ ಬಹಳ ಹೊತ್ತು ನನ್ನನ್ನೇ ನೋಡಿದಳು. “ಇವರ ಕೂದಲ ಕೊಂಕಿದ್ರ ನಾ ಅಪ್ಪನ್ನ ಕೇಳೂದಿಲ್ರಿ ಕಾಕಾ. ನಿಮ್ಮನ್ನ ಕೇಳ್ತೀನಿ.”

“ನನ್ನ ಜೀವಾ ಹೋಗಬೇಕು ಮೊದಲ” ಎಂದೆ.

ಬುಧವಾರ ಬರುತ್ತಾರೆ.

೨೪ ಜನವರಿ, ಬುಧವಾರ

ಕರೆತಂದೆ. ಊರೊಳಗೆ ಮೂವರೂ ನಡೆದೇ ಬಂದೆವು, ಬೇಕೆಂದೇ ಚಾವಡಿಯ ಮುಂದಿನಿಂದ. ಯಾರೂ ಒಂದು ಮಾತು ಆಡಲಿಲ್ಲ. ನಾನು ನಡುವೆ ಇದ್ದೆನಲ್ಲ.

ಕಾಶಿನಾಥನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಓಂಕಾರ ಮಾವನ ಕಾಲು ಮುಟ್ಟಿದ, ಕಾಶಿನಾಥ ತಲೆಯ ಮೇಲೆ ಕೈ ಇಟ್ಟ. ಈಶ್ವರ ಪಕ್ಕದಲ್ಲಿ ಕುಳಿತು ಉಂಡ. ರಾಜೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಕಡೆಯೇ ನೋಡುತ್ತಿದ್ದಳು. ಶುಕ್ರವಾರ ಅಕ್ಕಿಕಾಳು ಹಾಕಿ ಮದುವೆಯ ಶಾಸ್ತ್ರ ಮುಗಿಸುವುದೆಂದು ಮಾತಾಯಿತು.

ಊಟವಾದ ಮೇಲೆ ಕಾಶಿನಾಥ, “ಅಳಿಯಗ ಹೊಲಾ ತೋರಿಸಿ ಬರ್ರಿ” ಎಂದು ಈಶ್ವರನಿಗೂ ಕಿಶೋರನಿಗೂ ಹೇಳಿದ. ಕಿಶೋರನ ಗಾಡಿಯಲ್ಲಿ ಮೂವರೂ ಹೊರಟರು. ಗಾಡಿಯ ಬಾಗಿಲು ಹಾಕುವಾಗ ಕಾಶಿನಾಥ ಕಿಶೋರನ ಕಡೆ ಬಗ್ಗಿ, “ಹೇಳಿದ್ದು ನೆನಪೈತಲ್ಲ? ಅರ್ಧಾ ಬಿಟ್ಟ ಬರಬ್ಯಾಡ್ರಿ” ಎಂದ. ಅಕ್ಕಿಕಾಳಿನ ಸಾಮಾನು ತರಲು ಹೇಳಿರಬೇಕು ಎಂದುಕೊಂಡೆ. ಒಳ್ಳೆಯ ದಿನ. ಮನೆಗೆ ಬಂದು ನೆಮ್ಮದಿಯಿಂದ ಮಲಗಿದೆ.

೨೫ ಜನವರಿ, ಗುರುವಾರ

ಓಂಕಾರ ಸತ್ತ.

ಕೌಜಲಗಿಯ ಕಡೆ ಕಾಲುವೆಯ ತೂಬಿಗೆ ಸಿಕ್ಕಿಕೊಂಡಿದ್ದ. ಕುರಿ ಕಾಯುವವರು ಕಂಡರು. ಎಳೆದು ದಂಡೆಗೆ ಹಾಕಿದಾಗ ನಾನು ಅಲ್ಲಿದ್ದೆ. ಎರಡೂ ಮೊಣಕಾಲಿನ ಚಿಪ್ಪು ಒಡೆದು ಪ್ಯಾಂಟು ಅಲ್ಲಿ ತಗ್ಗಾಗಿತ್ತು. ಹಲ್ಲು ಇರಲಿಲ್ಲ. ಕೊರಳಿಗೆ ಅಡ್ಡಲಾಗಿ ಅಗಲವಾದ ನೀಲಿ ಬರೆ. ಕೈಬೆರಳಿನದಲ್ಲ, ಹಗ್ಗದ್ದೂ ಅಲ್ಲ. ಹಿಂದಿನಿಂದ ಮುಂಗೈ ಹಾಕಿ ಒತ್ತಿದಾಗ ಬೀಳುವ ಗುರುತು. ಆ ಪಟ್ಟನ್ನು ಈ ಸೀಮೆಯಲ್ಲಿ ಕಲಿಸುವವನು ನಾನೊಬ್ಬನೇ.

ರಾಜೇಶ್ವರಿ ಓಡಿ ಬಂದಳು. ಕೂಗಲಿಲ್ಲ. ದಂಡೆಯ ಮೇಲೆ ಕುಳಿತು ಸೆರಗಿನಿಂದ ಅವನ ಬಾಯಿಯೊಳಗಿನ ಕೆಸರು ತೆಗೆದಳು, ಬೆರಳು ಹಾಕಿ, ದವಾಖಾನೆಯಲ್ಲಿ ಮಾಡುವ ಹಾಗೆ. ತೆಗೆದು ಮುಗಿಸಿ ನನ್ನನ್ನು ನೋಡಿದಳು.

ಏನೂ ಕೇಳಲಿಲ್ಲ.

೨೭ ಜನವರಿ, ಶನಿವಾರ

ಕಾಶಿನಾಥ ಬಂದು ಕಟ್ಟೆಯ ಮೇಲೆ ಕುಳಿತ. ಕಣ್ಣಲ್ಲಿ ನೀರಿಲ್ಲ.

“ಹುಡುಗ ಕುಡದಿದ್ದ, ಕಾಲ ಜಾರಿ ಬಿದ್ದ. ನೀನೂ ನೋಡೀದಿ, ಒಬ್ಬನ ಹೊಂಟಿದ್ದ. ಇಷ್ಟ ಹೇಳು.”

“ನನ್ನ ಮಾತ ಮ್ಯಾಲ ಬಂದಿದ್ದ ಅವ.”

“ನನ್ನ ಮಾನ ಹೋದಾಗ ನಿನ್ನ ಮಾತ ಎಲ್ಲಿತ್ತು? ನಮ್ಮ ಓಣ್ಯಾಗ ನಾ ತಲಿ ಎತ್ತಿ ಅಡ್ಯಾಡಬೇಕೋ ಬ್ಯಾಡೋ? ನಿನಗ ಮಗಳಿದ್ರ ಗೊತ್ತಾಗತಿತ್ತು.”

ನಮಗೆ ಮಕ್ಕಳಿಲ್ಲ. ಅದನ್ನು ಅವನು ಇಷ್ಟು ವರ್ಷ ಆಡಿ ತೋರಿಸಿರಲಿಲ್ಲ.

ಠಾಣೆಗೆ ಹೋಗಿ ಕಂಡದ್ದು, ಕೇಳಿದ್ದು ಎಲ್ಲ ಹೇಳಿದೆ. ಗಾಡಿ, ಮೂವರು ಹೋದದ್ದು, ಕಾಶಿನಾಥ ಬಗ್ಗಿ ಆಡಿದ ಮಾತು. ಬರೆದುಕೊಂಡರು. ಸಂಜೆಯ ಹೊತ್ತಿಗೆ ಕಾಶಿನಾಥನನ್ನೂ ಕಿಶೋರನನ್ನೂ ಒಯ್ದರು. ಈಶ್ವರ ಊರಲ್ಲಿಲ್ಲ.

೩ ಫೆಬ್ರುವರಿ, ಶನಿವಾರ

ಈಶ್ವರ ಮಿರಜದಲ್ಲಿ ಸಿಕ್ಕಿದ್ದಾನೆ.

ಹತ್ತರಗಿಗೆ ಹೋದೆ. ಅಂಗಡಿ ಮುಚ್ಚಿತ್ತು. ಲಕ್ಷ್ಮವ್ವ ನನ್ನನ್ನು ಕಂಡವಳೇ ಟೈರು ಬಿಚ್ಚುವ ಕಬ್ಬಿಣದ ಸಲಾಕೆ ತೆಗೆದುಕೊಂಡು ಹೊಡೆದಳು. ಹೆಗಲಿಗೆ ಬಿತ್ತು. ಇನ್ನೊಂದು ಹೊಡೆಯಲಿ ಎಂದು ನಿಂತೇ ಇದ್ದೆ. ಅವಳಿಗೆ ಎತ್ತಲು ಶಕ್ತಿ ಇರಲಿಲ್ಲ. “ನನ್ನ ಕೂಸ ನಿನ್ನ ಹಿಂದ ನಕ್ಕೋತ ಬಂದಿತ್ತಲ್ಲೋ” ಎಂದು ನೆಲದ ಮೇಲೆ ಕುಸಿದಳು.

ರಾಜೇಶ್ವರಿ ಅತ್ತೆಯನ್ನು ಒಳಗೆ ಮಲಗಿಸಿ ಬಂದಳು. ಅವಳ ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದಳು.

“ನನಗದು ಬ್ಯಾಡ್ರಿ ಕಾಕಾ. ಒಂದ ಬೇಕು. ಅಪ್ಪ ಕಿಶೋರಗ ಅಂದ ಮಾತ ಕೇಳಿದವ್ರು ನೀವೊಬ್ಬರ. ಕೋರ್ಟಿನ್ಯಾಗ ನಿಂತು ಅದನ್ನ ಹೇಳ್ರಿ. ಅಲ್ಲೀತನಾ ಜೋಪಾನ ಇರ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ.

೧೨ ಫೆಬ್ರುವರಿ, ಸೋಮವಾರ

ಗರಡಿಗೆ ಯಾರೂ ಬರುತ್ತಿಲ್ಲ. ದಿನಾ ಬೆಳಿಗ್ಗೆ ನಾನೊಬ್ಬನೇ ಮಣ್ಣು ಹದ ಮಾಡಿ, ಹನುಮಪ್ಪನಿಗೆ ಊದಿನಕಡ್ಡಿ ಹಚ್ಚಿ, ಬಸ್ಕಿ ಹೊಡೆದು ಬರುತ್ತೇನೆ.

ಇವತ್ತು ಕಣಕ್ಕಿಳಿದೊಡನೆ ಅಂಗಾಲಿಗೆ ಬೆಂಕಿ ಇಟ್ಟಂತಾಯಿತು. ಮಣ್ಣಿನ ತುಂಬ ಬಾಟಲಿಯ ಚೂರು. ನುಣ್ಣಗೆ ಕುಟ್ಟಿ ಬೆರೆಸಿದ್ದಾರೆ, ಹೊರಗೆ ಕಾಣಬಾರದೆಂದು. ಎರಡೂ ಕಾಲಿನಿಂದ ಯಲ್ಲವ್ವ ಚೂರು ಕೀಳುತ್ತ ಕುಳಿತಳು. ಜಾಮೀನಿನ ಮೇಲೆ ಬಂದಿರುವ ಕಾಶಿನಾಥನ ಮಂದಿಯ ಕೆಲಸ. ಬೇರೆ ಯಾರಿಗೆ ಬೇಕು?

ಎಲ್ಲ ಮಣ್ಣನ್ನೂ ಜರಡಿ ಹಿಡಿದೆ.

೯ ಮಾರ್ಚ್, ಶನಿವಾರ

ಮೂಡಲಗಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಬದಿಯ ಬೆಂಚಿನಲ್ಲಿ ಕುಳಿತವನೊಬ್ಬ ಜೊತೆಗಾರನಿಗೆ ಕೇಳುವಂತೆಯೇ ಹೇಳಿದ: “ಇಂವ ನೋಡಲೇ ದಲ್ಲಾಳಿ. ಹುಡುಗನ್ನ ಪುಸಲಾಸಿ ಕರಕೊಂಡ ಬಂದು ಕೈಯಾಗ ಕೊಟ್ಟಂವ.”

ಎದ್ದು ಹೊಡೆದೆ. ಒಂದೇ ಏಟಿಗೆ ಬಿದ್ದ. ಮೇಲೆ ಕುಳಿತು ಮತ್ತೆ ಹೊಡೆದೆ. ಚಹಾ ಅಂಗಡಿಯವನು ಹಿಂದಿನಿಂದ ಜಗ್ಗಿದಾಗ ನನ್ನ ಮುಷ್ಟಿಯಲ್ಲಿ ಒಂದು ಹಲ್ಲು ಸಿಕ್ಕಿಕೊಂಡಿತ್ತು. ಅವನ ಜೊತೆಗಾರ ಕೈಮುಗಿಯುತ್ತಿದ್ದ.

ಆಡಬಾರದ ಮಾತು ಆಡಿದ. ಅದಕ್ಕೆ ಆಯಿತು. ನಾನು ಬೇಕೆಂದು ಹೋದದ್ದಲ್ಲ.

ಊರಿಗೆ ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ಚಾವಡಿಯ ಮುಂದೆ ಹಾಯುವಾಗ ಮಂದಿ ಎದ್ದು ನಿಂತರು. ಬಹಳ ದಿನಗಳ ಮೇಲೆ ಎದ್ದು ನಿಂತರು.

೧೦ ಏಪ್ರಿಲ್, ಬುಧವಾರ

ನಿನ್ನೆ ಯುಗಾದಿ. ಯಲ್ಲವ್ವ ಬೇವುಬೆಲ್ಲ ಕೊಡುತ್ತ, “ಊರ ಬಿಡೂಣ್ರಿ. ಕೋರ್ಟಿಗೆ ಕರದಾಗ ಬಂದ ಹೇಳಿದ್ರಾತು” ಎಂದಳು. ಓಡಿಹೋದ ಎನ್ನುತ್ತಾರೆ ಎಂದೆ. “ಅನ್ನಲಿ. ಆ ಹುಡುಗಿಗೆ ಬೇಕಾದದ್ದು ನಿಮ್ಮ ಸಾಕ್ಷಿ. ನಿಮ್ಮ ಹೆಸರ ತಗೊಂಡ ಆಕಿ ಏನ ಮಾಡ್ತಾಳ?” ಎಂದಳು.

ಕಪಾಳಕ್ಕೆ ಹೊಡೆದೆ. ಅವಳು ಮಾತು ಬೆಳೆಸಬಾರದಿತ್ತು.



೨೮ ಏಪ್ರಿಲ್, ರವಿವಾರ

ಗರಡಿ ಸುಟ್ಟರು.

ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಊರೆಲ್ಲ ನೋಡುತ್ತಿದ್ದಂತೆ. ಟ್ರ್ಯಾಕ್ಟರಿನ ಡೀಸೆಲ್ ಸುರಿದು ಹಚ್ಚಿದ್ದರು. ನಾನು ಓಡುವಷ್ಟರಲ್ಲಿ ತೊಲೆಗಳು ಹತ್ತಿದ್ದವು. ಒಳಗೆ ನುಗ್ಗಿ ಹನುಮಪ್ಪನ ಪಟ ತರಲು ನೋಡಿದೆ, ಗಾಜು ಸಿಡಿದು ಹುಬ್ಬಿನ ಮೇಲೆ ಹೊಡೆಯಿತು. ಒಂದು ಕೊಡ ನೀರು ತಂದವರಿಲ್ಲ. ನನ್ನ ಕೈಯಲ್ಲಿ ತಯಾರಾದ ಹುಡುಗರು ತಮ್ಮ ತಮ್ಮ ಕಟ್ಟೆಯ ಮೇಲೆ ಕುಳಿತು ನೋಡಿದರು. ಗದೆಗಳು ಒಳಗೇ ಸೀಳುವ ಸಪ್ಪಳ ಕೇಳುತ್ತಿತ್ತು.

ನಾಲ್ಕು ಗೋಡೆ ಉಳಿದಿವೆ. ಮಣ್ಣು ಸುಡುವುದಿಲ್ಲ.

ಠಾಣೆಯವರು ಕೇಳಿದರು, ಯಾರ ಮೇಲೆ ಅನುಮಾನ ಎಂದು. ಇದು ನಾನೇ ತೀರಿಸಿಕೊಳ್ಳುವ ಲೆಕ್ಕ ಎಂದು ಮನಸ್ಸಿನಲ್ಲಿ ಅಂದುಕೊಂಡು, ಯಾರ ಮೇಲೂ ಇಲ್ಲ ಎಂದೆ.

೨೦ ಮೇ, ಸೋಮವಾರ

ಹುಕ್ಕೇರಿಯ ದವಾಖಾನೆಗೆ ಹೋಗಿ ರಾಜೇಶ್ವರಿಯನ್ನು ಕಂಡೆ. ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಸೊರಗಿದ್ದಾಳೆ. ಆಗಸ್ಟಿನಲ್ಲಿ ಸಾಕ್ಷಿ ವಿಚಾರಣೆ ಶುರುವಾಗಬಹುದು ಎಂದು ಸರಕಾರಿ ವಕೀಲರು ಹೇಳಿದ್ದಾರಂತೆ.

ಗರಡಿ ಸುಟ್ಟದ್ದನ್ನು ಹೇಳಿದೆ. ನನ್ನ ಹೆಸರನ್ನು ಹೇಗೆ ಕೆಸರಿಗೆ ಎಳೆದರು, ಮಂದಿ ಏನೇನು ಅನ್ನುತ್ತಾರೆ, ಎಲ್ಲ ಹೇಳಿದೆ. ಅವಳು ಯಾರದೋ ಗಾಯಕ್ಕೆ ಕಟ್ಟುವ ಪಟ್ಟಿ ಮಡಚುತ್ತ ಕೇಳುತ್ತಿದ್ದಳು.

“ನಿಮ್ಮ ಬಗ್ಗೆ ಮಂದಿ ಏನರೆ ಒಂದ ಅಂತಾರ್ರಿ ಕಾಕಾ” ಎಂದಳು. “ನಮ್ಮವ್ರ ಬಗ್ಗೆ ಯಾರೂ ಏನೂ ಅನ್ನೂದಿಲ್ಲ. ಅವ್ರ ಹೆಸರ ಸೈತ ಯಾರೂ ಹಿಡಿಯೂದಿಲ್ಲ.”

ಅವಳಿಗೆ ದುಃಖ. ನನ್ನ ಸಂಕಟ ಅವಳಿಗೆ ತಿಳಿಯುವುದಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದು, “ಆಗಸ್ಟ್ ತನಕ ಅಷ್ಟ್ರಿ. ಕೈ ಕಟ್ಟಿಕೊಂಡ ಇರ್ರಿ” ಎಂದಳು.

೧೨ ಜೂನ್, ಬುಧವಾರ

ಈಶ್ವರನಿಗೆ ಜಾಮೀನಾಯಿತು.

ಪಟಾಕಿ ಹೊಡೆದರು. ತೆರೆದ ಜೀಪಿನಲ್ಲಿ ಅವನನ್ನು ನಿಲ್ಲಿಸಿ ಗುಲಾಲು ಎರಚುತ್ತ ತಂದರು, ದೊಡ್ಡ ಕುಸ್ತಿ ಗೆದ್ದು ಬಂದವನಿಗೆ ಮಾಡುವ ಹಾಗೆ. ಬೇಕೆಂದೇ ನನ್ನ ಮನೆಯ ಮುಂದೆ ನಿಂತು ಹಲಗೆ ಬಾರಿಸಿದರು. ಮೊದಲೇ ಜಾಮೀನಿನ ಮೇಲೆ ಬಂದಿದ್ದ ಕಿಶೋರ ಜೀಪಿನ ಮೇಲೆ ಹತ್ತಿ ಕುಣಿದ. ಯಲ್ಲವ್ವ ಬಾಗಿಲು ಹಾಕಬೇಕೆಂದಳು, ನಾನು ಹಾಕಗೊಡಲಿಲ್ಲ. ಹೊಸ್ತಿಲ ಮೇಲೆ ಕುರ್ಚಿ ಹಾಕಿ ಕುಳಿತೆ.

ಈಶ್ವರ ಹಾರಗಳ ನಡುವೆ ತಲೆ ತಗ್ಗಿಸಿದ್ದ. ಒಮ್ಮೆ ನನ್ನ ಕಡೆ ನೋಡಿದ. ಏನು ಸೊಕ್ಕು ಅವನಿಗೆ.

ಗೋಡೆಯ ಮೇಲೆ ಗುಲಾಲು ಅಂಟಿದೆ. ತೊಳೆಯಬೇಡ ಎಂದಿದ್ದೇನೆ.

೧೪ ಜೂನ್, ಶುಕ್ರವಾರ

ಊಟ ಸೇರುತ್ತಿಲ್ಲ. ಮೈ ಮಾತ್ರ ಹಗುರಾಗಿದೆ. ಬೆಳಿಗ್ಗೆ ಸುಟ್ಟ ಗರಡಿಯಲ್ಲಿ ಎಂದಿಗಿಂತ ಹೆಚ್ಚು ದಂಡ ಹೊಡೆದೆ.

ಯಲ್ಲವ್ವ ತವರಿಗೆ ಹೋದಳು. ಹೋಗುವಾಗ, “ನಿಮ್ಮ ಕಣ್ಣ ನೋಡಿದ್ರ ಅಂಜಿಕಿ ಬರ್ತೈತಿ” ಎಂದಳು. ಹೆಂಗಸರು.

೧೫ ಜೂನ್, ಶನಿವಾರ

ಮುಗಿಯಿತು. ಠಾಣೆಗೆ ನಾನೇ ಫೋನು ಮಾಡಿದ್ದೇನೆ. ಜೀಪು ಬರುವಷ್ಟರಲ್ಲಿ ಇದನ್ನು ಬರೆದಿಡುತ್ತೇನೆ.

ಬೆಳಗಿನ ಬಿಸಿಲು ಬಿದ್ದ ಹೊತ್ತಿಗೆ ನಾನು ಗರಡಿಯ ಕಣದಲ್ಲಿದ್ದೆ. ಈಶ್ವರ ಬಂದ. ಒಬ್ಬನೇ. ಚಪ್ಪಲಿ ಹೊರಗೆ ಬಿಟ್ಟು ಬಂದು, ಸುಟ್ಟ ಗೋಡೆ ನೋಡಿ ನಿಂತ. “ಉಸ್ತಾದ್ರ” ಎಂದ. ಇನ್ನೂ ಏನೋ ಹೇಳಲು ಬಂದಿದ್ದ. ಆ ಬಾಯಿಂದ ಆ ಹೆಸರು ಕೇಳಿ ನನಗೆ ತಡೆಯಲಿಲ್ಲ.

“ಅಂಗಿ ತಗಿ. ಇಳಿ” ಎಂದೆ.

“ಉಸ್ತಾದ್ರ, ಮೊದಲ ನನ್ನ ಮಾತ ಕೇಳ್ರಿ.”

“ನಿನ್ನ ಮಾತ ಕೇಳೇನಿ. ಮಣ್ಣ ಮುಟ್ಟಿ ಹೇಳಿದ್ದೆಲ್ಲ.”

ಇಳಿದ. ಹಿಡಿದೆವು. ಅವನದು ತುಂಬಿದ ಹರೆಯ, ನನ್ನದು ಇಳಿವಯಸ್ಸು. ಯಾರಾದರೂ ಕೇಳಿದರೆ ಹೇಳುತ್ತೇನೆ, ಇದು ಕೊಲೆಯಲ್ಲ, ಕುಸ್ತಿ. ಕೆಳಗೆ ಹಾಕಿ, ಹಿಂದಿನಿಂದ ಮುಂಗೈ ಕೊಟ್ಟೆ. ಕೊರಳಿನೊಳಗೆ ಏನೋ ಮುರಿಯಿತು. ಕಾಲು ನೆಲ ಕೆರೆದವು, ಆಮೇಲೆ ನಿಂತವು. ಕೆಂಪು ಮಣ್ಣು ಅವನ ಬಾಯಿಗೆ ಹೋಗಿತ್ತು. ಅಂಗಾತ ಮಾಡಿ, ಕಣ್ಣು ಮುಚ್ಚಿ, ಅಂಗಿ ಹೊದಿಸಿದೆ.

ನನ್ನ ಮಾತಿನ ಮೇಲೆ ಬಂದವನನ್ನು ಕೊಂದವನು ಈಗ ಇಲ್ಲ. ಮಾಯಪ್ಪನ ಮಾತು ಸುಳ್ಳಾಗಲಿಲ್ಲ.

ಅಕ್ಷರ ನೆಟ್ಟಗಿವೆ.

೭ ಜುಲೈ, ರವಿವಾರ. ಗೋಕಾಕ

ಜೈಲಿನಲ್ಲಿ ಬರೆಯಲು ಅನುಮತಿ ಸಿಕ್ಕಿತು.

ಇಲ್ಲಿ ಎಲ್ಲರೂ ಉಸ್ತಾದ್ರ ಎನ್ನುತ್ತಾರೆ. ಬ್ಯಾರಕ್ಕಿನಲ್ಲಿ ಜಗಳ ಬಿದ್ದರೆ ನನ್ನನ್ನು ಕರೆಯುತ್ತಾರೆ. ಮೊನ್ನೆ ಊಟದ ತಟ್ಟೆಗಾಗಿ ಇಬ್ಬರು ಕಚ್ಚಾಡಿದರು, ಒಬ್ಬನ ಬೆರಳು ಮುರಿದೆ, ಆಮೇಲೆ ಸದ್ದಿಲ್ಲ. ಹೊಸದಾಗಿ ಬಂದ ಹುಡುಗರು ಕಾಲು ಮುಟ್ಟುತ್ತಾರೆ.

ಯಲ್ಲವ್ವ ಬಂದಿಲ್ಲ. ಚಿಂತೆಯಿಲ್ಲ. ರಾಜೇಶ್ವರಿ ಬಂದೇ ಬರುತ್ತಾಳೆ. ಅವಳ ಋಣ ತೀರಿಸಿದ್ದೇನೆ. ಅವಳು ಬಂದು ಒಂದು ಮಾತು ಅಂದರೆ ಸಾಕು.

೮ ಆಗಸ್ಟ್, ಗುರುವಾರ

ಬಂದಿದ್ದಳು.

ನಾಳೆ ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬವೆಂದು ಬಸ್ಸುಗಳೆಲ್ಲ ತುಂಬಿದ್ದವಂತೆ, ನಿಂತೇ ಬಂದಳಂತೆ. ಭೇಟಿ ಕೋಣೆಯ ಕಬ್ಬಿಣದ ಜಾಳಿಗೆಯ ಆಚೆ ನಿಂತಳು. ನಾನೇ ಮೊದಲು ಮಾತಾಡಿದೆ.

“ಮಾತ ಉಳಿಸಿಕೊಂಡೆ ನೋಡವ್ವಾ.”

ಅವಳು ಜಾಳಿಗೆ ಹಿಡಿದುಕೊಂಡಳು. “ಯಾವ ಮಾತ್ರಿ ಕಾಕಾ?”

ನಾನು ಜಾಳಿಗೆಯ ಹತ್ತಿರ ಸರಿದೆ.

“ಜೂನ್ ಹದಿನಾಲ್ಕನೇ ತಾರೀಖ ಸಂಜಿಗೆ ಅಣ್ಣ ಫೋನ್ ಮಾಡಿದ್ದ” ಎಂದಳು. “ಅಳಾಕತ್ತಿದ್ದ. ‘ಅಪ್ಪ ಹೇಳಿದ, ನಾ ಮಾಡಿದೆ. ಮಂದಿ ಹಾರ ಹಾಕಿದಾಗ ಮೈಮ್ಯಾಲ ಕೆಂಡ ಬಿದ್ದಂಗ ಆತು ರಾಜೀ. ಎಲ್ಲಾ ಕೋರ್ಟಿನ್ಯಾಗ ಒಪ್ಪಿಕೊಳ್ತೀನಿ, ಅಪ್ಪನ ಹೆಸರೂ ಹೇಳ್ತೀನಿ. ಮೊದಲ ಉಸ್ತಾದ್ರ ಕಾಲ ಮ್ಯಾಲ ಬಿದ್ದ ಬರ್ತೀನಿ’ ಅಂದ. ನಾ ಅವಗ ಕ್ಷಮಾ ಮಾಡಿರಲಿಲ್ಲ. ಮಾಡತಿರಲೂ ಇಲ್ಲ. ಆದ್ರ ಹೋಗು ಅಂದೆ. ನಾನ ಕಳಿಸಿದೆ ನಿಮ್ಮ ಕಡೆ.”

ಹಿಂದೆ ನಿಂತ ಪೊಲೀಸನು ಟೈಮಾಯಿತು ಎಂದ. ಅವಳು ಕೇಳಿಸಿಕೊಳ್ಳಲಿಲ್ಲ.

“ವಕೀಲ್ರು ಹೇಳಿದ್ರು, ಅಪ್ಪನ ಮ್ಯಾಲಿನ ಕೇಸ ಇನ್ನ ನಿಲ್ಲೂದಿಲ್ಲಂತ. ಹೇಳಬೇಕಾದ ಅಣ್ಣ ಸತ್ತ. ಉಳದ ಸಾಕ್ಷಿ ನೀವು. ಸಿಟ್ಟಿಗೆ ಮಗನ್ನ ಕೊಂದಂವ ಅಪ್ಪನ ಮ್ಯಾಲ ಏನ ಹೇಳಿದ್ರೂ ಯಾರ ನಂಬ್ತಾರ ಅಂದ್ರು. ಅಪ್ಪ ಚಾವಡ್ಯಾಗ ಕುಂತಾನ ಈಗ. ಮಂದಿ ಅವನ ಮುಂದ ಎದ್ದ ನಿಂದರ್ತಾರ.” ಜಾಳಿಗೆಯಿಂದ ಕೈ ತೆಗೆದಳು. “ನಾ ನಿಮ್ಮ ಬಾಯಿ ಬೇಡಿದ್ದೆ ಕಾಕಾ. ಕೈ ಬೇಡಿರಲಿಲ್ಲ. ಅವರಿಗೆ ಅವರ ಮಾನ, ನಿಮಗ ನಿಮ್ಮ ಮಾತು. ನನ್ನ ಗಂಡ ಯಾರಿಗೂ ಬೇಕಾಗಿರಲಿಲ್ಲ.”

ಎಲ್ಲಿಗೆ ಹೋಗುತ್ತಿ ಹಬ್ಬಕ್ಕೆ ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು.

“ಅತ್ತಿ ಕೂಡ ಇರ್ತೀನಿ. ನಾಳೆ ಡ್ಯೂಟಿ ಐತಿ” ಎಂದಳು. ಹೋದಳು. ತಿರುಗಿ ನೋಡಲಿಲ್ಲ.

ಸಂಜೆ ಇಲ್ಲಿನ ಹುಡುಗರು ಯಾವುದೋ ಪಂಚಾಯಿತಿಗೆ ಕರೆದರು, ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಕುಳಿತಿದ್ದೆ.

ಜೂನ್ ಹದಿನೈದರ ದಿನ ಒಂದು ಸಂಗತಿ ಬರೆಯದೆ ಬಿಟ್ಟಿದ್ದೆ. ಕುಸ್ತಿ ಎಂದು ಬರೆದಿದ್ದೆ. ಈಶ್ವರ ಸೆಣಸಲೇ ಇಲ್ಲ. ಕಣಕ್ಕೆ ಇಳಿದು ಕೈ ಜೋಡಿಸಿ ನಿಂತಿದ್ದ. ನಾನು ಕೆಡವಿ ಕೊರಳಿಗೆ ಮುಂಗೈ ಕೊಟ್ಟಾಗ ಬಲಗೈ ಚಾಚಿ ನೆಲಕ್ಕೆ ಬಡಿದ. ತಾಲೀಮಿನಲ್ಲಿ ಉಸಿರು ಕಟ್ಟಿದವನು ಹಾಗೆ ಬಡಿಯುತ್ತಾನೆ, ಸೋತೆ, ಬಿಡಿರಿ ಎಂದು. ಬಡಿದ ಕೂಡಲೇ ಬಿಡಬೇಕು. ಸಣ್ಣವನಿದ್ದಾಗ ಅವನ ಕೈ ಹಿಡಿದು ಮಣ್ಣಿಗೆ ಬಡಿಸಿ ನಾನೇ ಅದನ್ನು ಕಲಿಸಿದ್ದೆ.

ಅವನು ಬಡಿಯುತ್ತಲೇ ಇದ್ದ. ನಾನು ಆ ಕೈಯನ್ನು ನೋಡುತ್ತಲೇ ಇದ್ದೆ.